ಓದುಗರ ಅಂಕಣ: ನನ್ನ ಮಗ ಎಲ್ಲಿ ಅಂತ ಯಾರನ್ನು ಕೇಳಬೇಕು?

ತುರ್ತು ಪರಿಸ್ಥಿತಿಗೆ 50 ವರ್ಷ ತುಂಬಿದಾಗ ಈ ಅಂಕಣದಲ್ಲಿ ಎರಡು ಮಾತು ಬರೆದಿದ್ದೆ. ಸರ್ಕಾರಕ್ಕೆ ಆಗದವರನ್ನು ಪ್ರಜಾಪ್ರಭುತ್ವದಲ್ಲೂ ಹಿಡಿದು ಒಳಗೆ ಹಾಕುತ್ತಾರೆ, ಸರ್ವಾಧಿಕಾರದಲ್ಲೂ ಹಾಕುತ್ತಾರೆ, ಆದರೂ ಎರಡೂ ಒಂದೇ ಅಲ್ಲ ಅಂತ. ಅದಕ್ಕೆ ಬಂದ ಪತ್ರಗಳು ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ. ಕೆಲವರು ಬೈದಿದ್ದಾರೆ, ಕೆಲವರು ಮನೆಯ ಕತೆ ಹೇಳಿಕೊಂಡಿದ್ದಾರೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಜೈಲಿಗೆ ಹೋದವನಿಗೆ ಅದು ಪ್ರಜಾಪ್ರಭುತ್ವದ ಜೈಲಾದರೇನು, ಸರ್ವಾಧಿಕಾರಿಯ ಜೈಲಾದರೇನು? ಏಟು ಏಟೇ ಅಲ್ವಾ? ವ್ಯತ್ಯಾಸ ಇದೆ ಅಂತ ನೀವು ಹೇಳೋದು ಬರೀ ನಮ್ಮ ಸಮಾಧಾನಕ್ಕೆ ಅನ್ನಿಸುತ್ತೆ.
— ಕಾನೂನು ವಿದ್ಯಾರ್ಥಿನಿ, ಧಾರವಾಡ

ಏಟು ಬೀಳುವ ಹೊತ್ತಿನಲ್ಲಿ ಏನೂ ವ್ಯತ್ಯಾಸ ಇಲ್ಲ. ನಿಮ್ಮ ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ವ್ಯತ್ಯಾಸ ಗೊತ್ತಾಗುವುದು ಹೊರಗೆ ನಿಂತವರಿಗೆ. ಅಪ್ಪ, ಅಮ್ಮ, ಹೆಂಡತಿ, ವಕೀಲರು, ಪತ್ರಿಕೆಯವರು. ಅವರು ಹೋಗಿ "ನಮ್ಮ ಹುಡುಗ ಎಲ್ಲಿ?" ಅಂತ ಕೇಳಿದಾಗ ಯಾರಾದರೂ ಉತ್ತರ ಕೊಡಲೇಬೇಕಾ, ಬೇಡವಾ? ನಾನು ನೋಡುವುದು ಅಷ್ಟನ್ನೇ.

1976ರ ಮಾರ್ಚ್ ತಿಂಗಳನ್ನು ತೆಗೆದುಕೊಳ್ಳಿ. ಮಾರ್ಚ್ 1ರ ಬೆಳಗಿನ ಜಾವ ಕೇರಳದ ಕಲ್ಲಿಕೋಟೆಯ ರೀಜನಲ್ ಎಂಜಿನಿಯರಿಂಗ್ ಕಾಲೇಜಿನಿಂದ ಪಿ. ರಾಜನ್ ಎಂಬ ವಿದ್ಯಾರ್ಥಿಯನ್ನು ಪೊಲೀಸರು ಹಿಡಿದುಕೊಂಡು ಹೋದರು. ಆಗಷ್ಟೇ ಕಾಯಣ್ಣ ಪೊಲೀಸ್ ಠಾಣೆಯ ಮೇಲೆ ನಕ್ಸಲರ ದಾಳಿ ಆಗಿತ್ತು. ಅದರ ಜಾಡು ಹಿಡಿದು ಅನುಮಾನ ಬಂದವರನ್ನೆಲ್ಲ ಕಕ್ಕಯಂ ಎಂಬ ಊರಿನ ಪೊಲೀಸ್ ಕ್ಯಾಂಪಿಗೆ ಒಯ್ಯುತ್ತಿದ್ದರು. ಅಲ್ಲಿ ಬೆಂಚಿನ ಮೇಲೆ ಮಲಗಿಸಿ ಕಟ್ಟಿ, ತೊಡೆಗಳ ಮೇಲೆ ಒನಕೆ ಉರುಳಿಸುತ್ತಿದ್ದರು. ನಮ್ಮ ಅಜ್ಜಿಯರು ಭತ್ತ ಕುಟ್ಟುತ್ತಿದ್ದರಲ್ಲ, ಅದೇ ಒನಕೆ. ರಾಜನ್ ಅಲ್ಲಿಂದ ಹೊರಗೆ ಬರಲೇ ಇಲ್ಲ.

ತಂದೆ ಈಚರ ವಾರಿಯರ್ ಹಿಂದಿ ಪ್ರಾಧ್ಯಾಪಕರು. ಮಗನನ್ನು ಹುಡುಕಿಕೊಂಡು ಅವರು ಅಲೆಯದ ಬಾಗಿಲಿಲ್ಲ. ಪೊಲೀಸರ ಹತ್ತಿರ ಹೋದರು, ಗೃಹಮಂತ್ರಿ ಕೆ. ಕರುಣಾಕರನ್ ಹತ್ತಿರ ಹೋದರು, ದಿಲ್ಲಿಗೆ ಪತ್ರದ ಮೇಲೆ ಪತ್ರ ಬರೆದರು. ಉತ್ತರ ಇಲ್ಲ. ಕೋರ್ಟಿಗೆ ಹೋಗೋಣ ಅಂದರೆ ಆಗ ಆ ದಾರಿಯೂ ಮುಚ್ಚಿತ್ತು.

ಅದೇ ತಿಂಗಳು 24ಕ್ಕೆ, ಭೂಮಿಯ ಆ ಕಡೆ, ಅರ್ಜೆಂಟೀನಾದಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಅಲ್ಲೂ ವಿದ್ಯಾರ್ಥಿಗಳು, ಕಾರ್ಮಿಕ ಮುಖಂಡರು, ಪತ್ರಕರ್ತರು ಮನೆಯಿಂದ, ರಸ್ತೆಯಿಂದ ಕಾಣೆಯಾಗತೊಡಗಿದರು. ಮನೆಯವರು ಕೋರ್ಟಿಗೆ ಅರ್ಜಿ ಕೊಟ್ಟರೆ ತಳ್ಳಿ ಹಾಕುತ್ತಿದ್ದರು. "ಅಂಥವರು ನಮ್ಮ ಹತ್ತಿರ ಇಲ್ಲ" ಅನ್ನುತ್ತಿತ್ತು ಸರ್ಕಾರ, ಅಷ್ಟೇ. 1977ರ ಏಪ್ರಿಲ್ 30ರಂದು 14 ತಾಯಂದಿರು ಬ್ಯೂನಸ್ ಐರಿಸ್‌ನಲ್ಲಿ ಅಧ್ಯಕ್ಷರ ಭವನದ ಎದುರಿಗಿರುವ ಪ್ಲಾಜಾ ದೆ ಮಾಯೋ ಚೌಕದಲ್ಲಿ ಸೇರಿದರು. ಗುಂಪಾಗಿ ನಿಲ್ಲುವ ಹಾಗಿಲ್ಲ, ನಡೀರಿ ಅಂತ ಪೊಲೀಸರು ಗದರಿದರು. ತಾಯಂದಿರು ನಡೆದೇ ಬಿಟ್ಟರು. ಇಬ್ಬಿಬ್ಬರಾಗಿ ಕೈ ಹಿಡಿದುಕೊಂಡು ಚೌಕದ ಸುತ್ತ ನಡೆದರು, ಮುಂದೆ ಪ್ರತಿ ಗುರುವಾರ ನಡೆದರು. ಒಬ್ಬರಿಗೊಬ್ಬರು ಗುರುತು ಸಿಗಲಿ ಅಂತ ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡರು. ಮೊದಲು ಕಟ್ಟಿಕೊಂಡದ್ದು ಹಸುಗೂಸುಗಳಿಗೆ ಕಟ್ಟುವ ಬಟ್ಟೆ, ಮಕ್ಕಳು ಚಿಕ್ಕವರಿದ್ದಾಗ ಬಳಸುತ್ತಿದ್ದಂಥದ್ದು. ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಆಗಲಿಲ್ಲ. ಅವರನ್ನು ಒಟ್ಟು ಮಾಡಿದ ಅಸುಸೆನಾ ವಿಯಾಫ್ಲೋರ್ ಎಂಬ ತಾಯಿಯನ್ನೇ ಅದೇ ವರ್ಷ ಡಿಸೆಂಬರ್‌ನಲ್ಲಿ ಎತ್ತಿಕೊಂಡು ಹೋದರು. ಆಕೆಯ ಅಸ್ಥಿ ಯಾವುದು ಅಂತ ಗುರುತು ಸಿಕ್ಕಿದ್ದು 2005ರಲ್ಲಿ.

ಈಗ ನೋಡಿ. 1976ರಲ್ಲಿ ಕಲ್ಲಿಕೋಟೆಯ ಆ ಅಪ್ಪನಿಗೂ ಬ್ಯೂನಸ್ ಐರಿಸ್‌ನ ಆ ಅಮ್ಮಂದಿರಿಗೂ ವ್ಯತ್ಯಾಸವೇ ಇರಲಿಲ್ಲ. ವ್ಯತ್ಯಾಸ ಆದದ್ದು ಮರುವರ್ಷ. 1977ರ ಮಾರ್ಚ್‌ನಲ್ಲಿ ನಮ್ಮಲ್ಲಿ ಚುನಾವಣೆ ಆಯಿತು, ಇಂದಿರಾ ಗಾಂಧಿ ಸೋತರು, 21ರಂದು ತುರ್ತು ಪರಿಸ್ಥಿತಿ ಮುಗಿಯಿತು. ಅದಾದ ಕೆಲವೇ ದಿನಕ್ಕೆ ವಾರಿಯರ್ ಕೇರಳ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಹಿಡಿದವನನ್ನು ತಂದು ನಮ್ಮ ಮುಂದೆ ನಿಲ್ಲಿಸಿ ಅಂತ ಕೋರ್ಟು ಸರ್ಕಾರಕ್ಕೆ ಹೇಳುವಂತೆ ಕೇಳುವ ಅರ್ಜಿ ಅದು. ಅಷ್ಟರಲ್ಲಿ ಕರುಣಾಕರನ್ ಮುಖ್ಯಮಂತ್ರಿ ಆಗಿದ್ದರು. ರಾಜನ್‌ನನ್ನು ಹಿಡಿದೇ ಇಲ್ಲ ಅಂತ ಸರ್ಕಾರ ಹೇಳಿತು. ಹಿಡಿದದ್ದು ನಿಜ, ನೀವು ಹೇಳುತ್ತಿರುವುದು ಸುಳ್ಳು ಅಂತ ಕೋರ್ಟು ಹೇಳಿತು. ಏಪ್ರಿಲ್‌ನಲ್ಲೇ ಕರುಣಾಕರನ್ ರಾಜೀನಾಮೆ ಕೊಡಬೇಕಾಯಿತು.

ಮಗನ ದೇಹ ಸಿಗಲಿಲ್ಲ. ಇದನ್ನು ಮರೆತು ನಮ್ಮ ವ್ಯವಸ್ಥೆಯನ್ನು ಹೊಗಳುವ ಮನಸ್ಸು ನನಗಿಲ್ಲ. ಆದರೆ ಒಬ್ಬ ಮೇಷ್ಟ್ರು ಕೊಟ್ಟ ಒಂದು ಅರ್ಜಿಗೆ ಮುಖ್ಯಮಂತ್ರಿಯ ಕುರ್ಚಿ ಹೋಯಿತು. ಅರ್ಜೆಂಟೀನಾದ ತಾಯಂದಿರು ಇಂಥದ್ದೊಂದು ಕೋರ್ಟಿಗಾಗಿ 1983ರ ಕೊನೆಯವರೆಗೆ, ಸೈನ್ಯ ತೊಲಗುವವರೆಗೆ, ಗುರುವಾರ ಗುರುವಾರ ನಡೆಯಬೇಕಾಯಿತು. ಆಮೇಲೆ ಬಂದ ಸರ್ಕಾರ ನೇಮಿಸಿದ ಆಯೋಗ 8,961 ಜನ ಕಾಣೆಯಾದದ್ದನ್ನು ದಾಖಲು ಮಾಡಿತು. ಮಾನವ ಹಕ್ಕು ಸಂಘಟನೆಗಳು ಹೇಳುವ ಲೆಕ್ಕ 30,000.

ಹಾಗಾಗಿ ಇದು ಭಾರತ ಒಳ್ಳೇದು, ಅರ್ಜೆಂಟೀನಾ ಕೆಟ್ಟದ್ದು ಅನ್ನುವ ಮಾತಲ್ಲ. ನಮ್ಮಲ್ಲಿ ತುರ್ತು ಪರಿಸ್ಥಿತಿ 21 ತಿಂಗಳು ಇತ್ತು, ಕೋರ್ಟಿನ ಬಾಗಿಲು ಮುಚ್ಚಿದ್ದಷ್ಟು ದಿನ ನಾವೂ ಅವರ ಹಾಗೇ ಇದ್ದೆವು.

ಪ್ರಶ್ನೆ: ಆಗ ಸಂಸತ್ತಿತ್ತು, ಕೋರ್ಟಿತ್ತು, ಸಂವಿಧಾನದ 352ನೇ ವಿಧಿ ಪ್ರಕಾರವೇ ಘೋಷಣೆ ಆಗಿತ್ತು. ಕಾನೂನು ಪ್ರಕಾರ ನಡೆದದ್ದನ್ನು ಸರ್ವಾಧಿಕಾರ ಅನ್ನುವುದು ಎಷ್ಟು ಸರಿ?
— ನಿವೃತ್ತ ನೌಕರರು, ಬೆಂಗಳೂರು

ಸರ್, ನೀವು ಬೆಂಗಳೂರಿನವರೇ. ಒಂದು ದಿನ ಬಿಡುವು ಮಾಡಿಕೊಂಡು ಫ್ರೀಡಂ ಪಾರ್ಕಿಗೆ ಹೋಗಿ ಬನ್ನಿ. ಅದು ಹಳೆಯ ಸೆಂಟ್ರಲ್ ಜೈಲು. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಪಾರ್ಕು ಮಾಡಿದರು. ಕಾವಲು ಗೋಪುರ ಹಾಗೇ ಇದೆ, ಹಳೆಯ ಬ್ಯಾರಕ್ಕು ಉಳಿಸಿಕೊಂಡಿದ್ದಾರೆ. ನಾನು ಹೋದ ದಿನ ಒಂದು ಕಡೆ ಅಂಗನವಾಡಿ ಕಾರ್ಯಕರ್ತೆಯರು ಧರಣಿ ಕೂತಿದ್ದರು. ಅವರ ಮೈಕಿನ ಸದ್ದು ಆ ಗೋಡೆಗಳಿಗೆ ಬಡಿದು ವಾಪಸ್ ಬರುತ್ತಿತ್ತು. ಒಂದು ಕೋಣೆಯೊಳಗೆ ಹೋಗಿ ನಿಂತೆ. ಕೈ ಚಾಚಿದರೆ ಎರಡೂ ಕಡೆ ಗೋಡೆ ಸಿಗುತ್ತದೆ. ಐದು ನಿಮಿಷಕ್ಕೇ ಹೊರಗೆ ಬಂದುಬಿಟ್ಟೆ.

1975ರ ಜೂನ್ 25ರ ರಾತ್ರಿ ಘೋಷಣೆ ಆಯಿತಲ್ಲ, ಆಗ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ನಮ್ಮ ಬೆಂಗಳೂರಿನಲ್ಲೇ ಇದ್ದರು. ಪಕ್ಷಾಂತರ ತಡೆಯುವ ಮಸೂದೆಯ ಸಂಸದೀಯ ಸಮಿತಿ ಸಭೆಗೆ ಬಂದಿದ್ದರು. ಅಂದರೆ ಸಂಸತ್ತಿನ ಕೆಲಸಕ್ಕೇ ಬಂದವರು. 26ರ ಬೆಳಿಗ್ಗೆ ಅವರನ್ನು ಹಿಡಿದು ಆ ಜೈಲಿಗೆ ಹಾಕಿದರು. ಸಂಸತ್ತು ಇತ್ತು ಅಂತ ನೀವು ಹೇಳುತ್ತೀರಿ, ನಿಜ. ಮಾತಾಡಬೇಕಾದವರು ಮಾತ್ರ ಇಲ್ಲಿ ಸೆಂಟ್ರಲ್ ಜೈಲಿನಲ್ಲಿದ್ದರು.

ಕೋರ್ಟಿನ ವಿಷಯಕ್ಕೆ ಬನ್ನಿ. ಕರ್ನಾಟಕವೂ ಸೇರಿ ಒಂಬತ್ತು ಹೈಕೋರ್ಟುಗಳು, ತುರ್ತು ಪರಿಸ್ಥಿತಿ ಇದ್ದರೂ ಬಂಧನ ಕಾನೂನುಬದ್ಧವಾ ಅಂತ ನಾವು ನೋಡಬಹುದು ಅಂದವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ಎಡಿಎಂ ಜಬಲ್ಪುರ ಪ್ರಕರಣ. ವಾದ ನಡೆಯುವಾಗ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಸರ್ಕಾರಿ ವಕೀಲರನ್ನು ಒಂದು ಪ್ರಶ್ನೆ ಕೇಳಿದರು. ಒಬ್ಬ ಪೊಲೀಸು ಸ್ವಂತ ದ್ವೇಷಕ್ಕೆ ಒಬ್ಬನನ್ನು ಕೊಂದರೆ ಅವನ ಮನೆಯವರಿಗೆ ಏನು ದಾರಿ? ತುರ್ತು ಪರಿಸ್ಥಿತಿ ಇರುವವರೆಗೆ ಯಾವ ದಾರಿಯೂ ಇಲ್ಲ ಅಂತ ಅಟಾರ್ನಿ ಜನರಲ್ ನಿರೇನ್ ಡೇ ತೆರೆದ ಕೋರ್ಟಿನಲ್ಲಿ ಒಪ್ಪಿಕೊಂಡರು. 1976ರ ಏಪ್ರಿಲ್ 28ರಂದು ತೀರ್ಪು ಬಂತು. ಐವರಲ್ಲಿ ನಾಲ್ವರು ಸರ್ಕಾರದ ಕಡೆ. ಖನ್ನಾ ಒಬ್ಬರೇ ಆಗಲ್ಲ ಅಂದರು. ಮರುವರ್ಷ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಆಗಬೇಕಾದವರು ಅವರು, ಅವರನ್ನು ಬಿಟ್ಟು ಕಿರಿಯರಾದ ಬೇಗ್ ಅವರನ್ನು ಮಾಡಿದರು. ಖನ್ನಾ ರಾಜೀನಾಮೆ ಬರೆದುಕೊಟ್ಟರು.

ಆ ತೀರ್ಪು ಬಂದು ಒಂದು ವಾರವೂ ಆಗಿರಲಿಲ್ಲ. ಮೇ 2ರಂದು ಸ್ನೇಹಲತಾ ರೆಡ್ಡಿ ಅವರನ್ನು ಹಿಡಿದರು. 'ಸಂಸ್ಕಾರ' ಸಿನಿಮಾದ ಚಂದ್ರಿ ಅಂದರೆ ನಮ್ಮ ಓದುಗರಿಗೆ ಬೇರೆ ಪರಿಚಯ ಬೇಕಿಲ್ಲ. ಜಾರ್ಜ್ ಫರ್ನಾಂಡಿಸ್ ಅವರನ್ನು ಪೊಲೀಸರು ಹುಡುಕುತ್ತಿದ್ದರು, ಬರೋಡಾ ಡೈನಮೈಟ್ ಪ್ರಕರಣ ಅಂತ, ಡೈನಮೈಟ್ ಸಿಡಿಸುವ ಸಂಚು ಮಾಡಿದರು ಅನ್ನುವ ಆರೋಪ. ಜಾರ್ಜ್ ಸಿಗಲಿಲ್ಲ, ಅದಕ್ಕೆ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಹಿಡಿದು ಚಿತ್ರಹಿಂಸೆ ಕೊಟ್ಟರು. ಸ್ನೇಹಲತಾ ಆ ಕುಟುಂಬದ ಸ್ನೇಹಿತೆ. ಅವರಿಗೆ ಆಸ್ತಮಾ ಇತ್ತು. ಒಬ್ಬಂಟಿ ಕೋಣೆಯಲ್ಲಿ ಇಟ್ಟರು. ರಾತ್ರಿ ಎಲ್ಲ ಮೌನವಾದ ಮೇಲೆ ಅವರ ಚೀರಾಟ ಕೇಳಿಸುತ್ತಿತ್ತು ಅಂತ ಅದೇ ಜೈಲಿನಲ್ಲಿದ್ದ ಮಧು ದಂಡವತೆ ಆಮೇಲೆ ಬರೆದಿದ್ದಾರೆ. ಡೈನಮೈಟ್ ಪ್ರಕರಣದ ಆರೋಪಪಟ್ಟಿ ಕೊನೆಗೆ ಬಂದಾಗ ಅದರಲ್ಲಿ ಸ್ನೇಹಲತಾ ಹೆಸರೇ ಇರಲಿಲ್ಲ. ಆದರೂ ಬಿಡಲಿಲ್ಲ. 1977ರ ಜನವರಿ 15ರಂದು, ಇನ್ನು ಆಗುವುದಿಲ್ಲ ಅನ್ನುವ ಸ್ಥಿತಿಯಲ್ಲಿ, ಪೆರೋಲ್ ಮೇಲೆ ಮನೆಗೆ ಕಳಿಸಿದರು. 20ರಂದು ತೀರಿಕೊಂಡರು.

ಎಲ್ಲವೂ ಕಾನೂನು ಪ್ರಕಾರವೇ ಸರ್. ವಿಚಾರಣೆ ಇಲ್ಲದೆ ಒಳಗೆ ಇಡಬಹುದಾದ ಮೀಸಾ ಕಾಯ್ದೆ ಇತ್ತು, ಆದೇಶ ಇತ್ತು, ಸಹಿ ಇತ್ತು, ಸೀಲು ಇತ್ತು. ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ಆಮೇಲೆ ತನಿಖೆ ಮಾಡಿದ ಶಾ ಆಯೋಗದ ಲೆಕ್ಕದಲ್ಲಿ ದೇಶದಲ್ಲಿ ಮೀಸಾ ಅಡಿ ಸುಮಾರು 35,000 ಜನ, ಡಿಫೆನ್ಸ್ ಆಫ್ ಇಂಡಿಯಾ ನಿಯಮಗಳ ಅಡಿ ಸುಮಾರು 75,000 ಜನ ಒಳಗೆ ಹೋದರು. ಕಾನೂನು ಪ್ರಕಾರ ಆಯಿತು ಅನ್ನುವುದರಿಂದ ನನಗೆ ಸಮಾಧಾನ ಆಗುವುದಿಲ್ಲ. ಅದೇ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸುವುದು. ಸೈನ್ಯ ಟ್ಯಾಂಕು ತಂದು ನಿಲ್ಲಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಗುಮಾಸ್ತರು ಟೈಪು ಮಾಡಿದ ಒಂದು ಹಾಳೆಯಿಂದ ಆದಾಗ ಪಕ್ಕದ ಮನೆಗೂ ಗೊತ್ತಾಗುವುದಿಲ್ಲ.

ಒಂದು ಮಾತು ಸೇರಿಸುತ್ತೇನೆ, ಇದು ನನಗೆ ಬಹಳ ಮುಖ್ಯ. ಎಡಿಎಂ ಜಬಲ್ಪುರ ತೀರ್ಪು ತಪ್ಪು ಅಂತ ಸುಪ್ರೀಂ ಕೋರ್ಟೇ 2017ರಲ್ಲಿ ಹೇಳಿ ಅದನ್ನು ರದ್ದು ಮಾಡಿತು. ಖಾಸಗಿತನ ಮೂಲಭೂತ ಹಕ್ಕಾ ಅನ್ನುವ ಪ್ರಕರಣದಲ್ಲಿ ಹಾಗೆ ಹೇಳಿದ್ದು, ಆ ಪ್ರಕರಣ ತಂದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಬರೆದವರಲ್ಲಿ ಒಬ್ಬರು ಡಿ.ವೈ. ಚಂದ್ರಚೂಡ್. 1976ರಲ್ಲಿ ಸರ್ಕಾರದ ಕಡೆ ನಿಂತ ನಾಲ್ವರಲ್ಲಿ ಒಬ್ಬರು ಅವರ ತಂದೆ ವೈ.ವಿ. ಚಂದ್ರಚೂಡ್. ಅಪ್ಪನ ತೀರ್ಪನ್ನು ಮಗ ತಿದ್ದಿದ. 41 ವರ್ಷ ಬೇಕಾಯಿತು, ಸ್ನೇಹಲತಾ ವಾಪಸ್ ಬರಲಿಲ್ಲ, ಆದರೂ ತಿದ್ದಿದರು. ಜನತಾ ಸರ್ಕಾರ ಇನ್ನೂ ಬೇಗ, 1978ರಲ್ಲೇ, 44ನೇ ತಿದ್ದುಪಡಿ ತಂದು ತುರ್ತು ಪರಿಸ್ಥಿತಿಯಲ್ಲೂ ಜೀವದ ಹಕ್ಕನ್ನು ಅಮಾನತು ಮಾಡುವ ಹಾಗಿಲ್ಲ ಅಂತ ಬರೆಯಿತು.

ಪ್ರಶ್ನೆ: ನಮ್ಮ ತಂದೆಯವರು ಆಗ ರೈಲು ಟೈಮಿಗೆ ಸರಿಯಾಗಿ ಬರುತ್ತಿತ್ತು, ಆಫೀಸಿನಲ್ಲಿ ಕೆಲಸ ಆಗುತ್ತಿತ್ತು ಅನ್ನುತ್ತಾರೆ. ಏನು ಉತ್ತರ ಕೊಡಲಿ?
— ಮೈಸೂರು

ಅವರ ಜೊತೆ ಜಗಳ ಆಡಬೇಡಿ. ಅವರು ಕಂಡದ್ದನ್ನು ಹೇಳುತ್ತಿದ್ದಾರೆ. ರೈಲು ತಡವಾದರೆ ಆಗ ಯಾರಾದರೂ ಪತ್ರಿಕೆಯಲ್ಲಿ ಬರೆಯಬಹುದಿತ್ತಾ ಅಂತ ಮಾತ್ರ ಕೇಳಿ. ಪತ್ರಿಕೆಗಳಿಗೆ ಸೆನ್ಸಾರ್ ಇತ್ತು. ಘೋಷಣೆಯ ರಾತ್ರಿ ದಿಲ್ಲಿಯ ಪತ್ರಿಕಾ ಕಚೇರಿಗಳ ಕರೆಂಟನ್ನೇ ತೆಗೆದಿದ್ದರು.

ಪ್ರಶ್ನೆ: ನಾನಿರುವುದು ಅಮೆರಿಕದಲ್ಲಿ. ಇಲ್ಲಿನ ಸಂವಿಧಾನ ಗಟ್ಟಿ ಇದೆ, ಇಂಥದ್ದು ಇಲ್ಲಿ ಆಗಿಲ್ಲ ಅಲ್ವಾ?
— ನ್ಯೂಜೆರ್ಸಿ

ಆಗಿದೆ. ಹೇಳುತ್ತಾ ಹೋದರೆ ಇಡೀ ಸಂಚಿಕೆ ಬೇಕು, ಎರಡನ್ನು ಮಾತ್ರ ಹೇಳುತ್ತೇನೆ.

ಪಾಲ್ ರಾಬ್ಸನ್ ದೊಡ್ಡ ಗಾಯಕ, ಕಪ್ಪು ಜನರ ಹಕ್ಕಿಗೆ ಹೋರಾಡಿದವರು, ಸೋವಿಯತ್ ಒಕ್ಕೂಟದ ಪರ ಮಾತಾಡಿದವರು. 1950ರಲ್ಲಿ ಅವರ ಪಾಸ್‌ಪೋರ್ಟ್ ಕಿತ್ತುಕೊಂಡರು. ಜೈಲಿಗೆ ಹಾಕಲಿಲ್ಲ, ಹೊಡೆಯಲಿಲ್ಲ. ದೇಶದೊಳಗೆ ಸಭಾಂಗಣಗಳು ಸಿಗದ ಹಾಗಾಯಿತು, ಹೊರದೇಶಕ್ಕೆ ಹೋಗುವ ಹಾಗಿಲ್ಲ. ದುಡಿಮೆ ನಿಂತೇ ಹೋಯಿತು. 1952ರಲ್ಲಿ ಅವರು ಕೆನಡಾ ಗಡಿಗೆ ಹೋಗಿ, ಈ ಕಡೆ ಒಂದು ಲಾರಿಯ ಮೇಲೆ ನಿಂತು ಹಾಡಿದರು. ಗಡಿಯ ಆ ಕಡೆಯೂ ಸಾವಿರಾರು ಜನ ನಿಂತು ಕೇಳಿದರು. 1957ರಲ್ಲಿ ಸಮುದ್ರದಾಚೆಗಿನ ಟೆಲಿಫೋನ್ ಲೈನಿನಲ್ಲಿ ಲಂಡನ್ನಿನ ಸಭೆಗೆ ಹಾಡಿದರು. 1958ರಲ್ಲಿ ಅಭಿಪ್ರಾಯದ ಕಾರಣಕ್ಕೆ ಪಾಸ್‌ಪೋರ್ಟ್ ತಡೆಯುವ ಹಾಗಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟು ಬೇರೊಂದು ಪ್ರಕರಣದಲ್ಲಿ ಹೇಳಿದ ಮೇಲೆ ವಾಪಸ್ ಸಿಕ್ಕಿತು. ಎಂಟು ವರ್ಷ. ಗಾಯಕನ ಗಂಟಲಿಗೆ ಎಂಟು ವರ್ಷ ಅಂದರೆ ಎಷ್ಟು, ಯೋಚಿಸಿ.

ಇನ್ನೊಂದು ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಕತೆ. ಮಾರ್ಟಿನ್ ಲೂಥರ್ ಕಿಂಗ್ ಅವರ ಫೋನು ಕದ್ದು ಕೇಳಿ, 1964ರಲ್ಲಿ ಅವರಿಗೆ ಒಂದು ಹೆಸರಿಲ್ಲದ ಪತ್ರ ಕಳಿಸಿದರು. ನೀನು ಸಾಯುವುದೇ ದಾರಿ ಅನ್ನುವ ಅರ್ಥ ಬರುವ ಪತ್ರ. ಸರ್ಕಾರಿ ಇಲಾಖೆ ಬರೆದದ್ದು! ಇದು ಹೊರಗೆ ಬಂದದ್ದು ಹೇಗೆ? 1971ರ ಮಾರ್ಚ್ 8ರ ರಾತ್ರಿ, ಮುಹಮ್ಮದ್ ಅಲಿ ಮತ್ತು ಜೋ ಫ್ರೇಜರ್ ಬಾಕ್ಸಿಂಗ್ ಪಂದ್ಯಕ್ಕೆ ಇಡೀ ಊರು ರೇಡಿಯೋಕ್ಕೆ ಕಿವಿ ಕೊಟ್ಟು ಕೂತಿದ್ದಾಗ, ಪೆನ್ಸಿಲ್ವೇನಿಯಾದ ಮೀಡಿಯಾ ಎಂಬ ಸಣ್ಣ ಊರಿನಲ್ಲಿ ಎಂಟು ಜನ ಸಾಮಾನ್ಯರು ಎಫ್‌ಬಿಐ ಕಚೇರಿಯ ಬೀಗ ಮುರಿದು ಕಡತಗಳನ್ನು ಹೊತ್ತೊಯ್ದರು. ಅದನ್ನು ಪತ್ರಿಕೆಗಳಿಗೆ ಅಂಚೆಯಲ್ಲಿ ಕಳಿಸಿದರು. ಸರ್ಕಾರ ಬೇಡ ಅಂದರೂ ಪತ್ರಿಕೆ ಅಚ್ಚು ಹಾಕಿತು. ಆಮೇಲೆ ಸೆನೆಟ್ ತನಿಖೆ ಆಯಿತು, ಹೊಲಸೆಲ್ಲ ಹೊರಗೆ ಬಂತು.

ಇಲ್ಲಿ ಗಮನಿಸಿ. ಸಂವಿಧಾನ ತಾನೇ ಎದ್ದು ಬಂದು ಏನೂ ಮಾಡಲಿಲ್ಲ. ಎಂಟು ಜನ ಜೈಲಿಗೆ ಹೋಗಲು ತಯಾರಾಗಿದ್ದರು, ಒಂದು ಪತ್ರಿಕೆ ಅಚ್ಚು ಹಾಕುವ ಧೈರ್ಯ ಮಾಡಿತು. ಹಾಕಿದ ಮೇಲೂ ಆ ಪತ್ರಿಕೆ ಮರುದಿನ ಬಂತು. ಪ್ರಜಾಪ್ರಭುತ್ವ ಕೊಟ್ಟದ್ದು ಆ ಮರುದಿನವನ್ನು.

ಪ್ರಶ್ನೆ: ಸೋವಿಯತ್ ಒಕ್ಕೂಟದಲ್ಲೂ ಸಂವಿಧಾನ, ಕೋರ್ಟು, ಚುನಾವಣೆ ಎಲ್ಲ ಇತ್ತಲ್ಲ. ಹೆಸರು ನೋಡಿದರೆ ಪೂರ್ವ ಜರ್ಮನಿಯೂ 'ಪ್ರಜಾಪ್ರಭುತ್ವ ಗಣರಾಜ್ಯ'. ಹೊರಗಿನವರಿಗೆ ಗೊತ್ತಾಗುವುದು ಹೇಗೆ?
— ಉಪನ್ಯಾಸಕರು, ಉಡುಪಿ

ಒಳ್ಳೆಯ ಪ್ರಶ್ನೆ. ಕೋರ್ಟು ಇದೆಯಾ ಅಂತ ಕೇಳಬಾರದು. ಆ ಕೋರ್ಟಿನಲ್ಲಿ ಸರ್ಕಾರ ಯಾವತ್ತಾದರೂ ಸೋತಿದೆಯಾ ಅಂತ ಕೇಳಬೇಕು.

1968ರ ಆಗಸ್ಟ್ 25, ಮಧ್ಯಾಹ್ನ. ಸೋವಿಯತ್ ಸೈನ್ಯ ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದ್ದನ್ನು ವಿರೋಧಿಸಿ ಮಾಸ್ಕೋದ ಕೆಂಪು ಚೌಕದಲ್ಲಿ ಎಂಟು ಜನ ಕೂತರು. ಒಬ್ಬಾಕೆ, ಕವಿ ನತಾಲಿಯಾ ಗೊರ್ಬನೆವ್ಸ್ಕಯಾ, ಮೂರು ತಿಂಗಳ ಕೂಸನ್ನು ತಳ್ಳುಗಾಡಿಯಲ್ಲಿ ಕರೆದುಕೊಂಡು ಬಂದಿದ್ದಳು. ಬ್ಯಾನರು ಬಿಚ್ಚಿದರು. ಕೆಲವೇ ನಿಮಿಷ, ಮಫ್ತಿಯಲ್ಲಿದ್ದವರು ಬಂದು ಎಳೆದುಕೊಂಡು ಹೋದರು. ವಿಕ್ತರ್ ಫೈನ್‌ಬೆರ್ಗ್ ಎಂಬವರ ಹಲ್ಲುಗಳನ್ನು ಉದುರಿಸಿದ್ದರು. ಅಂಥ ಬಾಯಿ ಇಟ್ಟುಕೊಂಡು ಕೋರ್ಟಿನಲ್ಲಿ ನಿಲ್ಲಿಸುವುದು ಹೇಗೆ? ಹುಚ್ಚು ಅಂತ ಬರೆದು ಮಾನಸಿಕ ಆಸ್ಪತ್ರೆಗೆ ಹಾಕಿದರು. ಅಲ್ಲಿ ಇದೊಂದು ಪದ್ಧತಿಯೇ ಆಗಿತ್ತು. ಮೇಜರ್ ಜನರಲ್ ಆಗಿದ್ದ ಪೆತ್ರೋ ಗ್ರಿಗೊರೆಂಕೊ ಅವರನ್ನು, ಕ್ರೈಮಿಯಾದ ತಾತಾರರ ಪರ ನಿಂತದ್ದಕ್ಕೆ, ಐದು ವರ್ಷ ಹೀಗೇ ಇಟ್ಟರು. ಸರ್ಕಾರವನ್ನು ಟೀಕಿಸುವವನಿಗೆ ತಲೆ ಸರಿ ಇರಲು ಸಾಧ್ಯವಿಲ್ಲ ಅನ್ನುವ ತರ್ಕ.

ಪೂರ್ವ ಜರ್ಮನಿ ಇನ್ನೊಂದು ಥರ. ಅಲ್ಲಿ ಸ್ಟಾಸಿ ಎಂಬ ಗುಪ್ತ ಪೊಲೀಸು. 1989ರಲ್ಲಿ ಸುಮಾರು ಒಂದೂವರೆ ಕೋಟಿಗಿಂತ ಸ್ವಲ್ಪ ಜಾಸ್ತಿ ಜನಸಂಖ್ಯೆಗೆ 91,000 ಸ್ಟಾಸಿ ನೌಕರರು, ಅದರ ಮೇಲೆ ಒಂದೂಮುಕ್ಕಾಲು ಲಕ್ಷ ಗುಪ್ತ ಮಾಹಿತಿದಾರರು. ಮಾಹಿತಿದಾರರು ಅಂದರೆ ಸಹೋದ್ಯೋಗಿ, ಪಕ್ಕದ ಮನೆಯವರು. ಕೆಲವರ ವಿಷಯದಲ್ಲಿ ಮನೆಯೊಳಗಿನವರೇ. 1992ರಲ್ಲಿ ಕಡತಗಳನ್ನು ಜನರಿಗೆ ಬಿಟ್ಟುಕೊಟ್ಟಾಗ ವೆರಾ ವೊಲೆನ್‌ಬರ್ಗರ್ ಎಂಬ ಹೋರಾಟಗಾರ್ತಿ ತನ್ನ ಕಡತ ತೆಗೆದು ಓದಿದರು. ಅವರ ಬಗ್ಗೆ ವರ್ಷಗಟ್ಟಲೆ ವರದಿ ಕೊಡುತ್ತಿದ್ದ 'ಡೊನಾಲ್ಡ್' ಬೇರೆ ಯಾರೂ ಅಲ್ಲ, ಅವರ ಗಂಡ. ಆ ಕಡತಗಳನ್ನು ಸಾಲಾಗಿ ಜೋಡಿಸಿದರೆ 111 ಕಿಲೋಮೀಟರ್ ಆಗುತ್ತದೆ. ಬೆಂಗಳೂರಿನಿಂದ ಹೊರಟರೆ ಮದ್ದೂರು, ಮಂಡ್ಯ ದಾಟಿದ ಮೇಲೂ ಕಡತ ಮುಗಿದಿರುವುದಿಲ್ಲ.

ಚೀನಾದ ಲಿಯು ಶಿಯಾವೊಬೊ ವಿಷಯ ನಿಮಗೆ ಗೊತ್ತೇ ಇರುತ್ತದೆ. ರಾಜಕೀಯ ಸುಧಾರಣೆ ಕೇಳುವ ಒಂದು ಮನವಿಯನ್ನು ಬರೆಯುವುದರಲ್ಲಿ ಕೈ ಜೋಡಿಸಿದರು. 2009ರ ಕ್ರಿಸ್ಮಸ್ ದಿನ 11 ವರ್ಷ ಶಿಕ್ಷೆ ಆಯಿತು. ಮರುವರ್ಷ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಓಸ್ಲೋದಲ್ಲಿ ಖಾಲಿ ಕುರ್ಚಿ ಇಟ್ಟಿದ್ದರು. 2017ರಲ್ಲಿ ಕೈದಿಯಾಗಿಯೇ ತೀರಿಕೊಂಡರು. ಆ 11 ವರ್ಷ ತಪ್ಪಾಯಿತು ಅಂತ ಹೇಳುವ ಕೋರ್ಟು ಅಲ್ಲಿಲ್ಲ.

ಪ್ರಶ್ನೆ: 1975 ಬಿಡಿ. ಈಗಿನದನ್ನು ಹೇಳಿ. ಹಳೆಯದನ್ನು ಬರೆಯುವುದು ಸುಲಭ.
— ಕಲಬುರಗಿ

ಸರಿಯಾಗಿ ಕೇಳಿದಿರಿ.

ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ, 1967ರದ್ದು. 2008ರಲ್ಲಿ, ಮುಂಬೈ ದಾಳಿ ಆದ ಮೇಲೆ, ಯುಪಿಎ ಸರ್ಕಾರ ಅದಕ್ಕೊಂದು ತಿದ್ದುಪಡಿ ತಂದಿತು. ಆರೋಪ ಮೇಲ್ನೋಟಕ್ಕೆ ನಿಜ ಅನ್ನಿಸಿದರೆ ಜಾಮೀನು ಕೊಡುವ ಹಾಗಿಲ್ಲ ಅಂತ. 2019ರಲ್ಲಿ ಎನ್‌ಡಿಎ ಸರ್ಕಾರ ಇನ್ನಷ್ಟು ಬಿಗಿ ಮಾಡಿತು, ಸಂಘಟನೆಯನ್ನಷ್ಟೇ ಅಲ್ಲ ಒಬ್ಬ ವ್ಯಕ್ತಿಯನ್ನೂ ಭಯೋತ್ಪಾದಕ ಅಂತ ಘೋಷಿಸಬಹುದು ಅಂತ. ಯಾವ ಪಕ್ಷದವರು ನಮಗೆ ಇಷ್ಟ ಅನ್ನುವುದನ್ನು ಪಕ್ಕಕ್ಕಿಟ್ಟು ಈ ಅಂಕಿ ನೋಡಿ. 2016ರಿಂದ 2020ರವರೆಗೆ ಈ ಕಾಯ್ದೆಯಡಿ ಕೇಸು ಬಿದ್ದವರು 24,134 ಜನ. ಶಿಕ್ಷೆ ಆದವರು 212. ಇದು ಸರ್ಕಾರವೇ ಸಂಸತ್ತಿನಲ್ಲಿ ಕೊಟ್ಟ ಉತ್ತರ. ಶಿಕ್ಷೆ ಆಗುವುದು ಅಪರೂಪ, ಜಾಮೀನು ಸಿಗುವುದೂ ಕಷ್ಟ. ಹಾಗಾದರೆ ಈ ಕಾಯ್ದೆಯಲ್ಲಿ ನಿಜವಾದ ಶಿಕ್ಷೆ ಯಾವುದು? ಕಾಯುವುದೇ ಶಿಕ್ಷೆ.

ಜೆಸ್ಯುಯಿಟ್ ಪಾದ್ರಿ ಫಾದರ್ ಸ್ಟಾನ್ ಸ್ವಾಮಿ ಹಿಂದೆ ಹತ್ತು ವರ್ಷಕ್ಕೂ ಜಾಸ್ತಿ ನಮ್ಮ ಬೆಂಗಳೂರಿನಲ್ಲಿದ್ದರು, ಇಲ್ಲಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ನಡೆಸಿದವರು. ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ಕೆಲಸ ಮಾಡಲು ಹೋದರು. 2020ರ ಅಕ್ಟೋಬರ್ 8ರಂದು ಇದೇ ಕಾಯ್ದೆಯಡಿ, 2018ರಲ್ಲಿ ಮಹಾರಾಷ್ಟ್ರದಲ್ಲಿ ಆದ ಗಲಭೆಗೆ ಸಂಬಂಧಿಸಿದ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಹಿಡಿದರು. 83 ವರ್ಷ, ಪಾರ್ಕಿನ್ಸನ್ ಕಾಯಿಲೆ, ಕೈ ನಡುಕ. ಲೋಟ ಹಿಡಿದು ನೀರು ಕುಡಿಯಲು ಆಗುವುದಿಲ್ಲ, ಸ್ಟ್ರಾ ಮತ್ತು ಸಿಪ್ಪರ್ ಬೇಕು ಅಂತ ಕೋರ್ಟಿಗೆ ಅರ್ಜಿ ಹಾಕಿದರು. ಉತ್ತರ ಕೊಡಲು ತನಿಖಾ ಸಂಸ್ಥೆ ಎನ್‌ಐಎ 20 ದಿನ ಸಮಯ ತೆಗೆದುಕೊಂಡಿತು. ನೀರು ಕುಡಿಯುವ ಕೊಳವೆಗೆ! 2021ರ ಜುಲೈ 5ರಂದು, ಜಾಮೀನು ಅರ್ಜಿ ಇನ್ನೂ ಹೈಕೋರ್ಟಿನಲ್ಲಿ ಇರುವಾಗಲೇ, ತೀರಿಕೊಂಡರು. ಅವರ ಮೇಲಿನ ಆರೋಪ ಸರಿಯೋ ತಪ್ಪೋ, ವಿಚಾರಣೆ ಶುರುವೇ ಆಗಿರಲಿಲ್ಲ.

ನಿಮ್ಮ ಕಡೆಯದೇ ಇನ್ನೊಂದು. 2020ರ ಜನವರಿಯಲ್ಲಿ ಬೀದರಿನ ಒಂದು ಶಾಲೆಯಲ್ಲಿ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ನಾಟಕ ಆಡಿದರು. ರಾಜದ್ರೋಹದ ಕೇಸು ಬಿತ್ತು. ಒಬ್ಬ ಶಿಕ್ಷಕಿ, ಒಬ್ಬ ವಿದ್ಯಾರ್ಥಿನಿಯ ತಾಯಿ ಎರಡು ವಾರ ಜೈಲಿನಲ್ಲಿದ್ದರು. ಪೊಲೀಸರು ಸಮವಸ್ತ್ರದಲ್ಲೇ ಶಾಲೆಗೆ ಹೋಗಿ ಮಕ್ಕಳನ್ನು ವಿಚಾರಿಸಿದರು. ಅದು ಮಕ್ಕಳ ಹಕ್ಕಿನ ಉಲ್ಲಂಘನೆ ಅಂತ ನಮ್ಮ ಹೈಕೋರ್ಟು ಹೇಳಿತು. 2023ರ ಜೂನ್‌ನಲ್ಲಿ ಇಡೀ ಕೇಸನ್ನೇ ರದ್ದು ಮಾಡಿತು, ನಿಮ್ಮ ಕಲಬುರಗಿ ಪೀಠವೇ.

ಇಲ್ಲಿ ಎರಡೂ ಮಾತನ್ನು ಒಟ್ಟಿಗೆ ಹೇಳಬೇಕು. ಬೀದರಿನವರಿಗೆ ಬಾಗಿಲು ತೆರೆಯಿತು, ಆದರೆ ಮೂರು ವರ್ಷಕ್ಕೂ ಜಾಸ್ತಿ ಆಯಿತು. ಸ್ಟಾನ್ ಸ್ವಾಮಿ ಅವರಿಗೆ ತೆರೆಯುವಷ್ಟರಲ್ಲಿ ಅವರೇ ಇರಲಿಲ್ಲ. ಕೋರ್ಟು ಇದೆ ಅನ್ನುವುದೊಂದೇ ಸಾಲದು, ಬದುಕಿರುವಾಗ ತೆರೆಯಬೇಕು. ಈಗಿನ ಭಾರತವನ್ನು ಅರ್ಜೆಂಟೀನಾದ ಸೈನಿಕ ಸರ್ಕಾರಕ್ಕೆ ಹೋಲಿಸುವವರನ್ನು ನಾನು ಒಪ್ಪುವುದಿಲ್ಲ. ನಾನು ಇದನ್ನೆಲ್ಲ ಬರೆದು ಅಚ್ಚಿಗೆ ಕೊಡುತ್ತಿದ್ದೇನೆ, ನೀವು ಓದುತ್ತಿದ್ದೀರಿ. ಆದರೆ ಎಲ್ಲ ಸರಿ ಇದೆ ಅನ್ನುವವರನ್ನು ಅದಕ್ಕಿಂತ ಕಡಿಮೆ ಒಪ್ಪುತ್ತೇನೆ.

ಪ್ರಶ್ನೆ: ನಮ್ಮ ತಂದೆ 1975ರಲ್ಲಿ ಕಾಲೇಜಿನಲ್ಲಿದ್ದಾಗ ಕರಪತ್ರ ಹಂಚಿದರು ಅಂತ ಜೈಲಿಗೆ ಹೋಗಿದ್ದರು. ಜಾಸ್ತಿ ಮಾತಾಡುವುದಿಲ್ಲ. ಅವರು ಅಲ್ಲಿಂದ ಅಜ್ಜಿಗೆ ಬರೆದ ಕಾಗದಗಳು ಟ್ರಂಕಿನಲ್ಲಿವೆ. ಏನು ಮಾಡಲಿ?
— ಶಿವಮೊಗ್ಗ

ಎಲ್ಲಕ್ಕಿಂತ ಮೊದಲು ಆ ಟ್ರಂಕನ್ನು ಗೋಡೆಗೆ ತಾಗದ ಹಾಗೆ, ತೇವ ಇಲ್ಲದ ಕಡೆ ಇಡಿ. ನಿಮ್ಮದು ಮಲೆನಾಡು, ಒಂದೇ ಮಳೆಗಾಲ ಸಾಕು ಹಾಳಾಗಲು.

ಸರ್ಕಾರದ ದಾಖಲೆಯನ್ನೇ ನಂಬಿ ಕೂರಬೇಡಿ ಅಂತ ಯಾಕೆ ಹೇಳುತ್ತೇನೆ ಅಂದರೆ, ಶಾ ಆಯೋಗದ ವರದಿಗೇ ಏನಾಯಿತು ನೋಡಿ. 1978ರಲ್ಲಿ ಬಂದ ವರದಿ ಅದು. 1980ರಲ್ಲಿ ಇಂದಿರಾ ಗಾಂಧಿ ಮತ್ತೆ ಗೆದ್ದು ಬಂದ ಮೇಲೆ ಅದರ ಪ್ರತಿಗಳು ಸಿಗುವುದೇ ಕಷ್ಟವಾಯಿತು. ತಮಿಳುನಾಡಿನ ಮಾಜಿ ಸಂಸದ ಇರಾ ಸೆಳಿಯನ್ ತಮ್ಮ ಮನೆಯಲ್ಲಿ ಉಳಿದಿದ್ದ ಪ್ರತಿಯಿಂದ 2010ರಲ್ಲಿ ಮತ್ತೆ ಅಚ್ಚು ಹಾಕಿಸಿದರು. ಒಬ್ಬರ ಮನೆಯ ಕಪಾಟಿನಿಂದ ಅದು ನಮಗೆಲ್ಲ ವಾಪಸ್ ಬಂತು. ನಿಮ್ಮ ಟ್ರಂಕೂ ಅಂಥದ್ದೇ.

ಪ್ರತಿ ಕಾಗದದ ಎರಡೂ ಬದಿ ಫೋಟೋ ತೆಗೆಯಿರಿ. ಕವರು, ಇನ್‌ಲ್ಯಾಂಡ್ ಇದ್ದರೆ ಅಂಚೆಯ ಮುದ್ರೆ ಕಾಣುವ ಹಾಗೆ ತೆಗೆಯಿರಿ. ಜೈಲಿನ ಸೀಲು, ಸೆನ್ಸಾರ್ ಆದ ಗುರುತು, ಕಪ್ಪು ಮಸಿ ಬಳಿದ ಸಾಲು ಇದ್ದರೆ ಅದನ್ನು ಹತ್ತಿರದಿಂದ ತೆಗೆಯಿರಿ. ಬಂಧನದ ಆದೇಶದ ಪ್ರತಿಯನ್ನು ಅಜ್ಜಿ ಎಲ್ಲಾದರೂ ಮಡಿಚಿ ಇಟ್ಟಿರಬಹುದು, ಹಳೆಯ ಪಂಚಾಂಗ, ರೇಷನ್ ಕಾರ್ಡಿನ ಕವರಿನಲ್ಲಿ ಹುಡುಕಿ. ಒಂದು ಪ್ರತಿಯನ್ನು ರಾಜ್ಯ ಪತ್ರಾಗಾರಕ್ಕೋ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ಕೊಡಿ, ಮೂಲ ನಿಮ್ಮ ಹತ್ತಿರವೇ ಇರಲಿ.

ತಂದೆಯವರನ್ನು ಎದುರಿಗೆ ಕೂರಿಸಿಕೊಂಡು ಸಂದರ್ಶನ ಮಾಡಲು ಹೋಗಬೇಡಿ. ಸಾಯಂಕಾಲ ಕಾಫಿ ಹೊತ್ತಿನಲ್ಲಿ ಒಂದು ಕಾಗದವನ್ನು ಅವರ ಕೈಗೆ ಕೊಟ್ಟು, "ಅಪ್ಪಾ, ಈ ಅಕ್ಷರ ಓದೋಕೆ ಆಗ್ತಿಲ್ಲ, ಏನು ಬರೆದಿದ್ದೀರಿ?" ಅಂತ ಕೇಳಿ. ಉಳಿದದ್ದನ್ನು ಅವರೇ ಹೇಳುತ್ತಾರೆ. ಹೇಳಿದ್ದನ್ನು ನಮಗೂ ಬರೆದು ಕಳಿಸಿ.